ಕವಳಿಹಾಳದಾಕಿ

ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಯಲಬುರ್ಗಾ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತವಳಿಗೆ ಮೊದಲು ಬಂದದ್ದು ಕವಳಿ ಹಣ್ಣಿನ ವಾಸನೆ. ಕವಳಿ ತಿಂದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ತಿನ್ನದವರಿಗೆ ಹೇಳಿದರೂ ತಿಳಿಯುವುದಿಲ್ಲ. ಗುಡ್ಡದ ಮುಳ್ಳುಕಂಟಿಯಲ್ಲಿ ಬಿಡುವ ಕಪ್ಪು ಹಣ್ಣು. ಹುಳಿಯೂ ಹೌದು, ಸಿಹಿಯೂ ಹೌದು, ತಿಂದಾದ ಮೇಲೆ ತುಟಿಗೆ ಅಂಟಿಕೊಳ್ಳುವ ಹಾಲು ಬೇರೆ. ತಿರುಗಿ ನೋಡಿದರೆ ನನ್ನ ಪಕ್ಕದಲ್ಲೇ ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನಾನು ಮೂಗು ಅರಳಿಸಿದ್ದನ್ನು ಕಂಡಳೋ ಏನೋ, ಮೇಲಿನ ಒದ್ದೆ ಬಟ್ಟೆ ಸರಿಸಿ ಒಂದು ಹಿಡಿ ಹಣ್ಣು ನನ್ನ ಸೆರಗಿಗೆ ಹಾಕಿ, "ತಿನ್ರಿ ಯವ್ವಾ" ಅಂದಳು. ಹಲ್ಲು ಹೋದ ಬಾಯಿಗೆ ಇಂಥ ಹಣ್ಣೇ ಸರಿ. ನಾನು ಎರಡು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಆಕೆಯ ಪ್ರಶ್ನೆ ಬಂತು: "ಯಾವೂರ್ರಿ ನಿಮ್ಮದು?"

ನಮ್ಮ ಕಡೆ ಹೀಗೆಯೇ. ಹೆಸರು ಆಮೇಲೆ ಕೇಳುತ್ತಾರೆ, ಕೆಲವೊಮ್ಮೆ ಕೇಳುವುದೇ ಇಲ್ಲ. ಊರು ಮೊದಲು. ಊರು ತಿಳಿದರೆ ಮಳೆ ಎಷ್ಟಾಯಿತು, ಜೋಳ ಹೇಗಿದೆ, ನಿಮ್ಮೂರಿನ ಇಂಥವರು ನಮಗೆ ಬೀಗರಾಗಬೇಕು ಅಂತ ಮಾತು ತಾನಾಗಿ ಹೊರಡುತ್ತದೆ. ಗಂಡಸಿಗೆ ಈ ಪ್ರಶ್ನೆಗೆ ಒಂದೇ ಉತ್ತರ. ಹೆಂಗಸಿಗೆ ಕನಿಷ್ಠ ಎರಡು. ನಾನು, "ಕೊಪ್ಪಳದಾಗ ಮಗನ ಮನ್ಯಾಗ ಇರ್ತೀನವ್ವ" ಅಂದೆ. ಅದು ಉತ್ತರವಲ್ಲ ಅಂತ ಆಕೆಗೂ ಗೊತ್ತು, ನನಗೂ ಗೊತ್ತು. "ಅದಲ್ರಿ, ಖರೇ ಊರು" ಅಂದಳು. ಗಂಡನೂರು ಹೇಳಿದೆ. "ತವರು?" ಅಂದಳು. ಕುಷ್ಟಗಿಯ ಹತ್ತಿರದ ಹಳ್ಳಿ ಅಂದೆ. ಆಗ ಸಮಾಧಾನವಾಗಿ ಬುಟ್ಟಿಯ ಮೇಲೆ ಕೈಯಿಟ್ಟು ಕೂತಳು. ತಾಯಿಯ ತವರು ಯಾವುದು ಅಂತ ಮಾತ್ರ ಈ ಲೋಕದಲ್ಲಿ ಯಾರೂ ಕೇಳುವುದಿಲ್ಲ. ಕೇಳಿದ್ದರೆ ನನಗೆ ಉತ್ತರ ಹೇಳುವುದಕ್ಕೆ ಯಲಬುರ್ಗಾ ಬರುವ ತನಕ ಹಿಡಿಯುತ್ತಿತ್ತು. ಆಕೆ ಕೇಳಲಿಲ್ಲ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಊರಿನ ಹೆಸರುಗಳನ್ನು ಕೆದಕುವ ಚಟ ನನಗೆ ನಮ್ಮಪ್ಪನಿಂದ ಬಂದದ್ದು. ನಮ್ಮ ಸೀಮೆಯ ಹೆಸರುಗಳೆಲ್ಲ ಸಾದಾ ಹೆಸರುಗಳು. ಜಾಲಿ ಇದ್ದಲ್ಲಿ ಜಾಲಿಯ ಹೆಸರು, ಹುಣಸೆ ಇದ್ದಲ್ಲಿ ಹುಣಸೆಯ ಹೆಸರು. ಅಣ್ಣ ತಮ್ಮ ಜಗಳಾಡಿ ಬೇರೆಯಾದಲ್ಲಿ ಅಣ್ಣ ಉಳಿದದ್ದು ಹಿರೇ ಊರು, ತಮ್ಮ ಗುಡಿಸಲು ಹಾಕಿದ್ದು ಚಿಕ್ಕ ಊರು. ಈಗ ಎಷ್ಟೋ ಕಡೆ ಚಿಕ್ಕದೇ ದೊಡ್ಡದಾಗಿ ಬೆಳೆದಿದೆ, ಆದರೂ ಹಿರೇ ಊರಿನವರು ಗತ್ತು ಬಿಟ್ಟಿಲ್ಲ. ಆದರೆ ಯಾವ ಊರಿಗಾದರೂ ಹೋಗಿ ಈ ಹೆಸರು ಹೇಗೆ ಬಂತು ಅಂತ ಕೇಳಿ ನೋಡಿ. ಜಾಲಿಯ ಸುದ್ದಿಯೇ ಎತ್ತುವುದಿಲ್ಲ. ಹಿಂದೆ ಒಬ್ಬ ರಾಜ ದಂಡು ಕಟ್ಟಿಕೊಂಡು ಹೋಗುವಾಗ ಇಲ್ಲಿ ನೀರು ಕುಡಿದನಂತೆ, ಅಂತಲೇ ಶುರು. ನಮ್ಮಪ್ಪ ಅದನ್ನು ಕೇಳಿ ಕೇಳಿ, "ಆ ರಾಜಗ ಎಷ್ಟು ನೀರಡಿಕಿ ಇತ್ತೋ ಮಾರಾಯ! ಒಂದೂರು ಬಿಡದಂಗ ಕುಡದಾನ" ಅನ್ನುತ್ತಿದ್ದ.

ಒಂದು ಊರಿಗೆ ಹೆಸರಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ರಾಜನಿರಲಿಲ್ಲ. ನೀರಿನ ಸಂಗತಿ ಮಾತ್ರ ಇತ್ತು.

ಅದಕ್ಕೆ ಮೊದಲು ನಮ್ಮ ಅಜ್ಜಿಯ, ಅಂದರೆ ಅಪ್ಪನ ತಾಯಿಯ, ಮನೆಯ ರೀತಿ ಹೇಳಬೇಕು. ಆಗ ನಿಜಾಮನ ರಾಜ್ಯ, ನಾನು ಇನ್ನೂ ಲಂಗ ತೊಡುವ ಹುಡುಗಿ. ಸೊಸೆಯಾಗಿ ಬಂದವಳನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ತವರೂರಿನ ಹೆಸರಿನಿಂದಲೇ ಕರೆಯಬೇಕು. ನಮ್ಮ ದೊಡ್ಡವ್ವ ಗಂಗಾವತಿಯಾಕಿ. ಹೊಳೆಯ ಕಡೆಯ ಗದ್ದೆ ನೋಡಿ ಬೆಳೆದವಳು. ನಮ್ಮ ಮನೆಯ ಜೋಳದ ರೊಟ್ಟಿ ಮುರಿಯುವಾಗಲೆಲ್ಲ ಅನ್ನ ನೆನೆಸಿ ಒಂದು ಉಸಿರು ಬಿಡುತ್ತಿದ್ದಳು. ಸಣ್ಣ ಕಾಕುವಿನ ತವರು ಮುದಗಲ್ಲು, ಆದ್ದರಿಂದ ಆಕೆ ಮುದಗಲ್ಲಾಕಿ. ನಮ್ಮವ್ವ ಕವಳಿಹಾಳದಾಕಿ. ಬೆಳಗಾಗೆದ್ದು ಅಜ್ಜಿ ಕಟ್ಟೆಯ ಮೇಲೆ ಕೂತು, "ಏ ಗಂಗಾವತಿಯಾಕಿ, ಒಲಿ ಹಚ್ಚು, ಏ ಮುದಗಲ್ಲಾಕಿ, ಸೆಗಣಿ ತಗಿ, ಏ ಕವಳಿಹಾಳದಾಕಿ, ನೀರಿಗೆ ನಡಿ" ಅಂತ ಒಂದೇ ಉಸಿರಿನಲ್ಲಿ ಕೂಗುತ್ತಿದ್ದಳು. ನಾನು ಭಾಳ ದಿನ ಅದೇ ಅವ್ವನ ಹೆಸರು ಅಂತ ತಿಳಿದಿದ್ದೆ. ನನ್ನ ದಡ್ಡತನ ಇರಲಿ, ಆ ಮನೆಯಲ್ಲಿ ಬೇರೆ ಹೆಸರು ಕೇಳಿದ್ದರೆ ತಾನೆ?

ಅವ್ವನಿಗೇ ನೀರಿನ ಕೆಲಸ ಹೇಳುವುದಕ್ಕೆ ಕಾರಣವಿತ್ತು. ಕವಳಿಹಾಳ ಯಲಬುರ್ಗಾ ಸೀಮೆಯ ಎರೆಭೂಮಿಯಲ್ಲಿ ಒಂದು ಸಣ್ಣ ಹಳ್ಳಿ. ಹಿಂದಿನ ಗುಡ್ಡದ ತುಂಬ ಕವಳಿ ಕಂಟಿ, ಊರೊಳಗಿನ ಬಾವಿಯ ತುಂಬ ಸವಳು ನೀರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬಾಯಿಗೆ ಹಾಕಿದರೆ ಉಪ್ಪು. ಕುಡಿಯುವ ನೀರಿಗೆ ದೂರದ ಹಳ್ಳಕ್ಕೆ ಹೋಗಬೇಕು. ಹಾಗಾಗಿ ಆ ಊರಿನ ಹೆಣ್ಣುಮಕ್ಕಳು ತಲೆಯ ಮೇಲೆ ಕೊಡದ ಮೇಲೆ ಕೊಡ ಏರಿಸಿ ಹಾದಿಯುದ್ದಕ್ಕೂ ಹರಟೆ ಹೊಡೆಯುತ್ತ ಬರುವಷ್ಟು ಗಟ್ಟಿಗಿತ್ತಿಯರು. "ಕವಳಿಹಾಳದ ಹೆಣ್ಣು ತಂದ್ರ ನೀರಿನ ಚಿಂತಿ ಇಲ್ಲ" ಅಂತ ಸುತ್ತಿನವರು ಆಸೆಪಟ್ಟು ತಂದುಕೊಳ್ಳುತ್ತಿದ್ದರು. ಆದರೆ ಆ ಊರಿಗೆ ಹೆಣ್ಣು ಕೊಡಿ ಅಂದರೆ ಯಾರೂ ಕೊಡುವುದಿಲ್ಲ. ನೀರಿಲ್ಲದೂರಿಗೆ ಮಗಳನ್ನು ನೂಕುವ ತಂದೆ ಯಾರಿದ್ದಾನೆ? ಹೆಣ್ಣುಮಕ್ಕಳು ಹೋಗುತ್ತಲೇ ಇದ್ದರು, ಸೊಸೆಯಂದಿರು ಬರುತ್ತಿರಲಿಲ್ಲ. ಊರು ಹೀಗೆ ಬರಿದಾಗುತ್ತ ಬಂತು.

ನಮ್ಮವ್ವನ ತವರುಮನೆಯೂ ಬರಿದಾಯಿತು. ಆಕೆಗೆ ಅಣ್ಣತಮ್ಮಂದಿರಿಲ್ಲ. ತಂದೆತಾಯಿ ನಾನು ಹುಟ್ಟುವ ಮೊದಲೇ ಹೋಗಿದ್ದರು. ಪಂಚಮಿ ಬಂದರೆ ತವರಿಗೆ ಕರೆದೊಯ್ಯಲು ಗಂಗಾವತಿಯಾಕಿಯ ತಮ್ಮ ಬಂಡಿ ಕಟ್ಟಿಕೊಂಡು ಬರುತ್ತಿದ್ದ, ಮುದಗಲ್ಲಾಕಿಯ ಅಣ್ಣ ಕುದುರೆಯ ಮೇಲೆ ಬರುತ್ತಿದ್ದ. ಅವ್ವ ಇಬ್ಬರಿಗೂ ಉಂಡಿ ಕಟ್ಟಿಕೊಟ್ಟು, ಓಣಿಯ ತಿರುವಿನ ತನಕ ಹೋಗಿ ಕಳಿಸಿ, ಬಂದು ಒಲೆ ಮುಂದೆ ಕೂಡುತ್ತಿದ್ದಳು. ಆಕೆಗೆ ತವರಿನಿಂದ ಉಳಿದದ್ದು ಒಂದೇ, ಆ ಹೆಸರು. ಅಜ್ಜಿ ಸಿಟ್ಟಿನಲ್ಲಿ, "ಏನ್ ಕವಳಿಹಾಳದಾಕಿ ಅದಾಳಪ್ಪ ಈಕಿ!" ಅಂತ ಬೈದರೂ ಅವ್ವನ ಮುಖ ಅರಳುತ್ತಿತ್ತು. ಬೈಗುಳದಲ್ಲಾದರೂ ತವರು ಇದೆಯಲ್ಲ!

ಹೀಗಿರುವಾಗ ಒಂದು ದಿನ ಕವಳಿಹಾಳದಿಂದ ಬಂಡಿ ಬಂತು. ಬಂದವನು ಊರ ಹಿರಿಯ ಸಂಗಪ್ಪ ಕಾಕಾ. ಅವ್ವ ಬಾಗಿಲಲ್ಲಿ ಆತನನ್ನು ಕಂಡು ಚರಿಗೆ ನೀರು ಕೊಡುವುದನ್ನೂ ಮರೆತು ನಿಂತಳು. ಕಾಕಾ ಅಜ್ಜಿಯ ಮುಂದೆ ಎಲೆ ಅಡಿಕೆ ಇಟ್ಟು ಹೇಳಿದ: "ಊರು ಎಬ್ಬಿಸೀವ್ರಿ ಯವ್ವಾ. ಸವಳು ನೀರಿನ ಕಾಟ ಸಾಕಾತು. ಹಳ್ಳದ ದಂಡ್ಯಾಗ ಜಾಗೀರಿನ ನಾಯಬ ಸಾಹೇಬ್ರು ಜಾಗಾ ಕೊಟ್ಟಾರ, ಸೀನೀರ ಬಾವಿ ತೋಡಸಾಕ ಹತ್ತ್ಯಾರ. ಹುಣ್ಣಿವಿಗೆ ಊರಗಲ್ಲು ಹುಗಿಯೂದೈತಿ. ನಿಮ್ಮ ಸೊಸೀನ ಕಳಸಬೇಕು. ಈಕಿ ಇಲ್ಲದ ನಡಿಯಂಗಿಲ್ಲ."

ಊರಗಲ್ಲು ಅಂದರೆ ಊರು ಹುಟ್ಟುವಾಗ ಮೊದಲು ನೆಡುವ ಕಲ್ಲು. ಅದು ನಿಲ್ಲುವ ತನಕ ಹೊಸ ಜಾಗದಲ್ಲಿ ಯಾರೂ ಮನೆಯೊಳಗೆ ಒಲೆ ಹೂಡುವಂತಿಲ್ಲ. ಕವಳಿಹಾಳದವರಲ್ಲಿ ಇನ್ನೊಂದು ಕಟ್ಟಳೆ ಇತ್ತು. ಕಲ್ಲು ಅಂದರೆ ಕೂಸು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹೆಸರಿಡುವ ಹಕ್ಕು ಯಾರದು? ಅಪ್ಪನದಲ್ಲ, ಅಜ್ಜನದಲ್ಲ, ಸೋದರತ್ತೆಯದು. ಆಕೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಅಂತ ಹೆಸರು ಹೇಳಬೇಕು, ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ನಗುನಗುತ್ತ ಗುದ್ದಬೇಕು. ಹಾಗೆಯೇ ಊರಿನಲ್ಲಿ ಹುಟ್ಟಿ ಬೇರೆ ಊರಿಗೆ ಕೊಟ್ಟುಹೋದ ಹೆಣ್ಣುಮಕ್ಕಳೆಲ್ಲ ಊರಿಗೆ ಸೋದರತ್ತೆಯರು. ಅವರು ಬರಬೇಕು, ಕಲ್ಲಿಗೆ ಅವರೇ ಹೆಸರು ಹೇಳಬೇಕು. ಅವರಲ್ಲೂ ಮೊದಲ ಒಲೆ ಹೂಡಿದ ಮನೆಯ ಮಗಳೇ ಬಾಯಿ ತೆರೆಯಬೇಕು. ಕವಳಿಹಾಳದಲ್ಲಿ ಮೊದಲ ಒಲೆ ಹೂಡಿದ್ದು ನಮ್ಮವ್ವನ ಮುತ್ತಜ್ಜ. ಆ ಮನೆಯಲ್ಲಿ ಉಳಿದವಳು ಇವಳೊಬ್ಬಳೇ.

ಅಜ್ಜಿ ಬಾಯಿ ಬಿರುಸಿನವಳೇ ಹೊರತು ಕೆಟ್ಟವಳಲ್ಲ. ತನ್ನ ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆದು ಅವ್ವನ ಮುಂದೆ ಹಾಕಿದಳು. "ಉಟಗೊಂಡು ಹೋಗು. ತವರಿಲ್ಲದಾಕಿ ಅನ್ನಬಾರ್ದು ಯಾರೂ" ಅಂದಳು. ಅವ್ವ ಅತ್ತಳು. ನಾನೂ ಬರುತ್ತೇನೆ ಅಂತ ಅದಕ್ಕಿಂತ ಜೋರಾಗಿ ಅತ್ತೆ. ನನಗೆ ಊರು ಕಟ್ಟುವುದೂ ಬೇಕಿರಲಿಲ್ಲ, ಕಲ್ಲೂ ಬೇಕಿರಲಿಲ್ಲ, ಅಲ್ಲಿ ಹೋಳಿಗೆ ಮಾಡುತ್ತಾರೆ ಅಂತ ಕಾಕಾ ಬಾಯಿತಪ್ಪಿ ಹೇಳಿಬಿಟ್ಟಿದ್ದ.

ಬಂಡಿಯಲ್ಲಿ ಹಾದಿಯುದ್ದಕ್ಕೂ ಅವ್ವ ಮಾತಾಡಿದಳು. ಅಷ್ಟು ಮಾತಾಡುವವಳು ಅಂತ ನನಗೆ ಗೊತ್ತೇ ಇರಲಿಲ್ಲ. ಆ ಗುಡ್ಡ ನೋಡು, ಆ ಬನ್ನಿಗಿಡ ನೋಡು, ಅಲ್ಲಿ ನಾನು ಬಿದ್ದು ಮೊಣಕಾಲು ಒಡೆದುಕೊಂಡಿದ್ದೆ ನೋಡು. ಸಂಗಪ್ಪ ಕಾಕಾ ಮಾತ್ರ ಎತ್ತಿನ ಬಾಲ ತಿರುವುತ್ತ ಸುಮ್ಮನಿದ್ದ. ಗಂಡಸು ಹಾಗೆ ಮಾತಿಲ್ಲದೆ ಕೂತರೆ ಹೊಟ್ಟೆಯಲ್ಲಿ ಏನೋ ಇದೆ ಅಂತಲೇ ಲೆಕ್ಕ.

ಅದು ಹೊರಬಿದ್ದದ್ದು ಹಳ್ಳದ ದಂಡೆಗೆ ಮುಟ್ಟಿದ ಮೇಲೆ. ಅಲ್ಲಿ ಊರು ಅನ್ನುವಂಥದ್ದು ಇನ್ನೂ ಏನೂ ಇರಲಿಲ್ಲ. ಹಳೆಯ ಮನೆಗಳಿಂದ ಕಿತ್ತು ತಂದ ಕಲ್ಲು, ತೊಲೆ, ಬಾಗಿಲುಗಳು ಅಲ್ಲಲ್ಲಿ ಗುಡ್ಡೆ ಬಿದ್ದಿದ್ದವು. ಅರ್ಧ ತೋಡಿದ ಬಾವಿ. ಅದರಾಚೆ, ಹಳ್ಳದ ಏರಿಯ ಮೇಲೆ, ಒಂದು ಸಣ್ಣ ಗೋರಿ. ಸುಣ್ಣ ಹೊಸದು. ಸುತ್ತಮುತ್ತ ಬೇರೆ ಗೋರಿಯಿಲ್ಲ, ಅದೊಂದೇ. ಬೇರೆ ಬೇರೆ ಊರುಗಳಿಂದ ಬಂದ ಹೆಣ್ಣುಮಕ್ಕಳು ಬಯಲಲ್ಲಿ ಮೂರು ಕಲ್ಲಿಟ್ಟು ಹೋಳಿಗೆಗೆ ಬೇಳೆ ಹಾಕಿದ್ದರು. ಅವರಿಗೆಲ್ಲ ಹಿರಿಯಳಾದ ನೀಲವ್ವ, ಕುಕನೂರಿನ ಕಡೆ ಕೊಟ್ಟವಳು, ಅವ್ವನನ್ನು ಅಪ್ಪಿಕೊಂಡು ಅತ್ತು, ಅತ್ತು ಮುಗಿಸುತ್ತಲೇ ಸೊಂಟದ ಮೇಲೆ ಕೈಯಿಟ್ಟಳು.

"ಕೇಳಿದೇನವಾ, ನಮ್ಮ ಗಂಡಸರು ಮಾಡಿದ ಘನಂದಾರಿ? ಊರಿನ ಹೆಸರು ಸಾಹೇಬ್ರಿಗೆ ಕೊಟ್ಟು ಬಂದಾರ!"

ಸಂಗತಿ ಇಷ್ಟು. ನಾಯಬ ಸಾಹೇಬರು ಹಿಂದಿನ ವರ್ಷ ಈ ಹಳ್ಳದ ದಂಡೆಯಲ್ಲಿ ಡೇರೆ ಹಾಕಿದ್ದಾಗ ಅವರ ಒಬ್ಬಳೇ ಮಗಳು ಸಕೀನಾ ಜ್ವರ ಬಂದು ತೀರಿಕೊಂಡಳು. ಇಲ್ಲೇ ಮಣ್ಣು ಮಾಡಿದರು. ಕವಳಿಹಾಳದವರು ಜಾಗ ಕೇಳಲು ಹೋದಾಗ ಸಾಹೇಬರು ಜಾಗ ಕೊಡುತ್ತೇನೆ, ಬಾವಿ ತೋಡಿಸುತ್ತೇನೆ, ಊರಿಗೆ ನನ್ನ ಮಗಳ ಹೆಸರಿಡುತ್ತೀರಾ ಅಂತ ಕೇಳಿದ್ದರು. ಸಂಗಪ್ಪ ಕಾಕಾ ಮತ್ತು ಉಳಿದ ಹಿರಿಯರು ಸೀನೀರಿನ ಸಂತೋಷದಲ್ಲಿ ಜೀ ಹುಜೂರ್ ಅಂದು ಕೈಮುಗಿದು ಬಂದುಬಿಟ್ಟರು. ಹೆಸರು ಹೇಳುವ ಬಾಯಿ ತಮ್ಮದಲ್ಲ, ಕೊಟ್ಟುಹೋದ ಹೆಣ್ಣುಮಕ್ಕಳದು ಅನ್ನುವುದು ಅರ್ಧ ಬಾವಿ ತೋಡುವ ತನಕ ಯಾರಿಗೂ ನೆನಪಾಗಲಿಲ್ಲ. ತಮ್ಮದಲ್ಲದ ವಸ್ತುವನ್ನು ದಾನ ಮಾಡಿ ಬರುವುದರಲ್ಲಿ ನಮ್ಮ ಗಂಡಸರ ಕೈ ಯಾವಾಗಲೂ ದೊಡ್ಡದು.

"ಸಾಹೇಬ್ರ ಮಗಳ ಮ್ಯಾಲೆ ನನಗೇನು ಸಿಟ್ಟಿಲ್ಲ" ಅಂದಳು ನೀಲವ್ವ. "ಸಣ್ಣ ಕೂಸು, ಪಾಪ. ಆದ್ರ ನಾ ಮುದುಕಿ ಆಗೀನಿ, ಇವತ್ತಿಗೂ ನನ್ನ ಕವಳಿಹಾಳದಾಕಿ ಅಂತಾರ. ಆ ಊರs ಇಲ್ಲಂದ್ರ ನಾ ಯಾವೂರಾಕಿ? ಮುಗಿಲಾಗಿಂದ ಉದುರಿ ಬಿದ್ದಾಕೇನು?"

ಸಂಗಪ್ಪ ಕಾಕಾ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಅವ್ವನ ಮುಂದೆ ಕೂತ. "ತಂಗೀ, ಸಾಹೇಬ್ರು ಸಿಟ್ಟಾದ್ರ ಜಾಗಾ ಹೋಕ್ಕೈತಿ. ಬಾವಿ ನಿಂತು ಬಿಡತೈತಿ. ಹಳೀ ಊರು ಕಿತ್ತೀವಿ, ಹಿಂದಕ ಹೋಗಾಕ ಗೋಡಿ ಇಲ್ಲ. ನೀ ಹೇಳಿದ್ದs ಹೆಸರು. ನೋಡು, ನಮ್ಮ ಜೀವ ನಿನ್ನ ಬಾಯಾಗ ಐತಿ."

ಅವ್ವ ಒಂದು ಕಡೆ ನೀಲವ್ವನನ್ನು ನೋಡಿದಳು, ಇನ್ನೊಂದು ಕಡೆ ಬಾಗಿಲು ಚೌಕಟ್ಟುಗಳ ಗುಡ್ಡೆಯನ್ನು ನೋಡಿದಳು. ಆಮೇಲೆ, "ನಾ ಸಾಹೇಬ್ರ ಕೂಡ ಮಾತಾಡಬೇಕು" ಅಂದಳು.

ಎಲ್ಲರೂ ಗಾಬರಿಯಾದರು. ಹಳ್ಳಿಯ ಸೊಸೆ ಪರಗಂಡಸಿನ ಜೊತೆ, ಅದೂ ಜಾಗೀರಿನ ಅಧಿಕಾರಿಯ ಜೊತೆ ಮಾತಾಡುವುದು ಅಂದರೇನು! ಆದರೆ ಅದಕ್ಕೂ ನಮ್ಮಲ್ಲಿ ಒಂದು ಉಪಾಯವಿತ್ತು, ನಡುವೆ ಮಗುವನ್ನು ನಿಲ್ಲಿಸಿ ಅದರ ಜೊತೆ ಮಾತಾಡುವುದು. ಬೇಳೆಯ ಪಾತ್ರೆಯ ಹತ್ತಿರ ಠಳಾಯಿಸುತ್ತಿದ್ದ ನನ್ನನ್ನು ಎಳೆದೊಯ್ದು ನಿಲ್ಲಿಸಿದರು.

ಸಾಹೇಬರು ಬಾವಿಯ ಹತ್ತಿರ ಒಂದು ಕಲ್ಲಿನ ಮೇಲೆ ಕೂತಿದ್ದರು. ಶೇರವಾನಿ ಹಾಕಿದ, ಗಡ್ಡ ಅರ್ಧ ಬೆಳ್ಳಗಾದ ಮನುಷ್ಯ. ನಾನು ಕುದುರೆ, ಕತ್ತಿ ಎಲ್ಲ ಇರುತ್ತದೆ ಅಂದುಕೊಂಡಿದ್ದೆ. ಅವರ ಕೈಯಲ್ಲಿ ಕೊಡೆಯಿತ್ತು. ಅವ್ವ ಸೆರಗು ಮುಖದ ಮೇಲೆ ಎಳೆದುಕೊಂಡು ನನಗೆ ಹೇಳಿದಳು: "ಕೇಳವಾ ಅವರ್ನ, ಹುಡುಗಿ ಎಷ್ಟು ದೊಡ್ಡಾಕಿ ಇದ್ಲು ಅಂತ."

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ನನ್ನನ್ನೇ ನೋಡುತ್ತ, "ನಿನ್ನಷ್ಟs ಇದ್ಲು ಬೇಟಾ" ಅಂದರು. ಅವರ ಕನ್ನಡ ನಮ್ಮ ಕನ್ನಡವೇ, ನಡುನಡುವೆ ಉರ್ದು ಹಣಕುತ್ತಿತ್ತು.

"ಕೇಳು, ಊರಿಗೆ ಯಾಕ ಆಕಿ ಹೆಸರು ಬೇಕು ಅಂತ."

ಸಾಹೇಬರು ಕೊಡೆಯ ತುದಿಯಿಂದ ನೆಲ ಗೀರಿದರು. "ನಿಮ್ಮ ಅಮ್ಮಾಗ ಹೇಳು ಬೇಟಾ. ನಂದು ಬದಲಿ ಆಗೂ ನೌಕರಿ. ಸಕೀನಾ ಹುಟ್ಟಿದ್ದು ಒಂದೂರು, ಆಡಿದ್ದು ಒಂದೂರು, ಹೋಗಿದ್ದು ಇಲ್ಲಿ. ಈ ಕಡೆ ಎಲ್ಲಾರೂ ಮೊದಲ ಯಾವೂರು ಅಂತ ಕೇಳ್ತಾರ. ಆಕಿ ಯಾವೂರಾಕಿ ಅಂದ್ರ ನನಗ ಹೇಳಾಕ ಬರೂದಿಲ್ಲ. ನಾಳೆ ನನ್ನ ಬೇರೆ ಕಡೆ ಹಾಕ್ತಾರ. ಈ ಬಯಲಾಗ ಒಬ್ಬಾಕೀನ ಬಿಟ್ಟು ಹೆಂಗ ಹೋಗ್ಲಿ? ನಾಕು ಮಂದಿ ಬಂದು ಇದ್ರ, ಅವರ ಬಾಯಾಗ ಆಕಿ ಹೆಸರು ಇದ್ರ..."

ಅವ್ವ ಸೆರಗಿನ ಸಂದಿನಿಂದ ಗೋರಿಯ ಕಡೆ ನೋಡಿದಳು. ಆಮೇಲೆ ಸಾಹೇಬರೇ ಹೇಳಿದರು: "ಇನ್ನೊಂದು ಮಾತು ಹೇಳು. ಹೆಸರು ಇಡ್ಲಿಲ್ಲಂದ್ರ ಬಾವಿ ನಿಲ್ಲಸ್ತೀನಿ ಅಂತ ನಾ ಅಂದಿಲ್ಲ. ನೀರಿಗೆ ಶರ್ತ ಹಾಕಿದ್ರ ಖುದಾ ಮೆಚ್ಚೂದಿಲ್ಲ. ಜಾಗಾ ನಿಮ್ಮದು, ನೀರು ನಿಮ್ಮದು. ಹೆಸರು ನಿಮ್ಮ ಹೆಣ್ಮಕ್ಕಳ ಖುಷಿ."

ಸಂಗಪ್ಪ ಕಾಕಾನಿಗೆ ಹೋದ ಜೀವ ಬಂದಂತಾಯಿತು. ಅಧಿಕಾರಿಯ ಕೋರಿಕೆಯನ್ನು ಅಪ್ಪಣೆ ಅಂತ ಕೇಳಿಸಿಕೊಳ್ಳುವುದು ಆ ಕಾಲದವರ ಕಿವಿಗೆ ರೂಢಿಯಾಗಿತ್ತು, ಅವನನ್ನು ಬೈದು ಏನು ಮಾಡುವುದು. ನೀಲವ್ವ ಸುದ್ದಿ ಕೇಳಿ ಚಪ್ಪಾಳೆ ತಟ್ಟಿದಳು. "ಗುಣವಂತ ಮನಷ್ಯಾ! ಆತಲ್ಲ, ಇನ್ನ ತಕರಾರs ಇಲ್ಲ. ಕವಳಿಹಾಳ ಅಂದು ಕಲ್ಲು ಹುಗಿಯೂಣು, ಹೋಳಿಗಿ ತಿನ್ನೂಣು" ಅಂದಳು. ಅವ್ವ ತಲೆಯಾಡಿಸಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಹೂರಣ ರುಬ್ಬಲು ಕೂತಳು.

ಇಳಿಹೊತ್ತಿಗೆ ಕಲ್ಲು ಹುಗಿಯುವುದಕ್ಕೆ ಸೇರಿದರು. ಮಗುವಿನಷ್ಟೇ ಎತ್ತರದ ಕಪ್ಪು ಕಲ್ಲು. ಅರಿಶಿಣ ಹಚ್ಚಿ, ಖಣ ಸುತ್ತಿ, ಕಂಬಳಿಯ ಮೇಲೆ ಜೋಳ ಹರವಿ ಅದರ ಮೇಲೆ ಮಲಗಿಸಿದ್ದರು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹಳೆಯ ಬಾವಿಯ ಸವಳು ನೀರು ಅದಕ್ಕೆ ಎರೆದರು. ಕೊನೆಯದಾಗಿ ಅವ್ವ ಮೊಣಕಾಲೂರಿ ಕಲ್ಲಿನ ಮೇಲೆ ಬಗ್ಗಿದಳು. ಸುತ್ತ ಹೆಂಗಸರೆಲ್ಲ ಬೆನ್ನಿಗೆ ಗುದ್ದಲು ಕೈಯೆತ್ತಿ ನಿಂತರು. ಆಗಲೇ ನಗು ಶುರುವಾಗಿತ್ತು. ದೂರದಲ್ಲಿ ಗೋರಿಯ ಹತ್ತಿರ ಸಾಹೇಬರು ಇತ್ತ ಬೆನ್ನು ಮಾಡಿ ನಿಂತಿದ್ದರು.

"ಕುರ್ರ್... ಸಕೀನಾಪುರ" ಅಂದಳು ಅವ್ವ. ಎಲ್ಲರಿಗೂ ಕೇಳುವಂತೆ, ಇನ್ನೂ ಎರಡು ಸಲ ಅಂದಳು.

ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು. ಒಬ್ಬರ ಕೈಯೂ ಅವ್ವನ ಬೆನ್ನಿನ ಮೇಲೆ ಬೀಳಲಿಲ್ಲ. ನನಗೆ ಏನೂ ತಿಳಿಯಲಿಲ್ಲ. ಹೆಸರು ಹೇಳಿದ ಮೇಲೆ ಗುದ್ದಬೇಕು, ಯಾರೂ ಗುದ್ದುತ್ತಿಲ್ಲ, ಹೀಗೆ ಆಟ ಕೆಡಿಸಬಾರದು ಅಂತ ನುಗ್ಗಿ ಹೋಗಿ ಎರಡೂ ಮುಷ್ಟಿಯಿಂದ ಧಡಧಡ ಗುದ್ದಿಬಿಟ್ಟೆ. ಆ ಬಯಲಲ್ಲಿ ಅದೊಂದೇ ಸಪ್ಪಳ. ಅವ್ವ ಎದ್ದು ನನ್ನ ಕೈ ಹಿಡಿದುಕೊಂಡಳು.

ಕೊಟ್ಟ ಮಾತಿನಿಂದ ಬಿಡುಗಡೆಯಾಯಿತು ಅಂತ ಹಗುರಾಗಿದ್ದ ಗಂಡಸರೂ ಪೆಚ್ಚಾದರು. ನೀಲವ್ವ ಸಣ್ಣ ದನಿಯಲ್ಲಿ ಕೇಳಿದಳು: "ಯಾರೂ ಒತ್ತಾಯ ಮಾಡಿರ್ಲಿಲ್ಲಲ್ಲವಾ. ಸಾಹೇಬ್ರs ಬ್ಯಾಡಂದ್ರ ಬ್ಯಾಡ ಅಂದಿದ್ರು. ಯಾಕ ಹಿಂಗ ಮಾಡಿದಿ?"

"ನನಗ ಅನಿಸಿತು, ಅಂದೆ" ಅಂದಳು ಅವ್ವ.

"ನಮ್ಮ ತವರು ತಗೊಂಡು ಹೋಗಿ ಹಳ್ಳಕ್ಕ ಒಗದಿ. ಇನ್ನ ಈ ಊರಿಂದ ನಿನ್ನ ಕರಿಯಾಕ ಯಾರೂ ಬರಂಗಿಲ್ಲ, ತಿಳ್ಕೊ."

ನೀಲವ್ವ ಆಡಿದ ಮಾತು ನಡೆಸಿದಳು. ಕಲ್ಲು ಹುಗಿದರು, ಸೋದರತ್ತೆ ಹೇಳಿದ ಮೇಲೆ ಹೆಸರು ಬದಲಿಸುವ ಹಾಗಿಲ್ಲ. ಉಡಿ ತುಂಬುವಾಗ ಉಳಿದವರಿಗೆಲ್ಲ ಹೆಂಗಸರು ತುಂಬಿದರು, ಅವ್ವನಿಗೆ ಸಂಗಪ್ಪ ಕಾಕಾನ ಹೆಂಡತಿ ಅವಸರದಲ್ಲಿ ತುಂಬಿದಳು. ಹೋಳಿಗೆ ನನಗೆ ಸಿಕ್ಕಿತು. ಸಾಹೇಬರು ಹೊರಡುವ ಮುಂಚೆ ಅವ್ವ ನಿಂತಿದ್ದ ಕಡೆಗೆ ಬಂದು, ಅವ್ವನಿಗಲ್ಲ, ನನಗೆ, ಬಾಗಿ ಸಲಾಮು ಮಾಡಿದರು.

ತಿರುಗಿ ಬರುವಾಗ ಬಂಡಿಯಲ್ಲಿ ಅವ್ವ ಅತ್ತಳು. ಗುಡ್ಡವನ್ನೂ ತೋರಿಸಲಿಲ್ಲ, ಬನ್ನಿಗಿಡವನ್ನೂ ತೋರಿಸಲಿಲ್ಲ. ಮನೆಗೆ ಬಂದು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಜ್ಜಿ ಕಟ್ಟೆಯ ಮೇಲೆ ಕೂತೇ ಇದ್ದಳು.

"ಹುಚ್ಚಿ! ಅವರು ನಿಮ್ಮ ಖುಷಿ ಅಂದ ಮ್ಯಾಲೂ ನಿನ್ನ ಕೈಯಾರೆ ಕೊಟ್ಟು ಬಂದ್ಯಾ?" ಅಂದಳು.

ಅತ್ತೆಗೆ ಎದುರು ಮಾತಾಡದ ಅವ್ವ ಅಂದು ಆಡಿದಳು: "ನಾ ಕವಳಿಹಾಳದಾಕಿ ಅನ್ನಾಕ ನೀವು ಅದೀರಿ ಅತ್ತಿ. ಊರು ಇದ್ರೂ ಅಂತೀರಿ, ಬಿಟ್ರೂ ಅಂತೀರಿ. ಆ ಹುಡುಗೀನ ಯಾವೂರಾಕಿ ಅನ್ನಾಕ ಯಾರದಾರ?"

ಅಜ್ಜಿ ಮರುದಿನ ಬೆಳಗಾಗೆದ್ದು ಎಂದಿಗಿಂತ ಜೋರಾಗಿ, ಓಣಿಗೆಲ್ಲ ಕೇಳುವ ಹಾಗೆ, "ಏ ಕವಳಿಹಾಳದಾಕಿ, ನೀರಿಗೆ ನಡಿ" ಅಂತ ಕೂಗಿದಳು. ಸಾಯುವ ತನಕ ಹಾಗೆಯೇ ಕೂಗಿದಳು.

ಹಳೆಯ ಕವಳಿಹಾಳ ಕಂದಾಯದ ಲೆಕ್ಕದಲ್ಲಿ ಬೇಚಿರಾಗ್ ಅಂತಾಯಿತು. ಮಂದಿಯಿಲ್ಲದ ಊರಿಗೆ ಆಗಿನ ಸರ್ಕಾರದ ಮಾತು ಅದು. ಸಾಹೇಬರಿಗೆ ಬದಲಿಯಾಯಿತು, ನಿಜಾಮನ ಆಳಿಕೆಯೇ ಹೋಯಿತು. ಸಕೀನಾಪುರದ ಬಾವಿಯಲ್ಲಿ ನೀರು ಸಿಹಿಯಾಗಿಯೇ ಬಂತಂತೆ; ಊರಿಗೆ ಸೊಸೆಯಂದಿರು ಬರತೊಡಗಿದರಂತೆ. ಎಲ್ಲ ಅಂತೆಗಳೇ. ಅವ್ವನನ್ನು ಕರೆಯಲು ಅಲ್ಲಿಂದ ಬಂಡಿ ಬರಲಿಲ್ಲ, ಕರೆಯದೆ ಹೋಗುವವಳು ಅವ್ವನಲ್ಲ. ಪಂಚಮಿಗೆ ಮೊದಲಿನಂತೆ ವಾರಗಿತ್ತಿಯರಿಗೆ ಉಂಡಿ ಕಟ್ಟಿಕೊಟ್ಟಳು. ನೀನು ಮಾಡಿದ್ದು ಸರಿಯೇ ಅವ್ವ ಅಂತ ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ. "ಸರಿನೋ ತಪ್ಪೋ, ತವರು ಬೇಕು ಅಂತ ಇವತ್ತಿಗೂ ಹೊಟ್ಟ್ಯಾಗ ಉರೀತೈತಿ ನೋಡು" ಅಂದಳು. ಅವ್ವ ಹೋದ ಮೇಲೆ ಆ ಹೆಸರು ಹಿಡಿದು ಕರೆಸಿಕೊಳ್ಳುವವರು ಯಾರೂ ಉಳಿಯಲಿಲ್ಲ. ಯಲಬುರ್ಗಾದ ತಂಗಿಯ ಮನೆಗೆ ಹೋಗುವಾಗಲೆಲ್ಲ ನಾನು ಬಸ್ಸಿನಲ್ಲಿ ಸಕೀನಾಪುರ ದಾಟಿಯೇ ಹೋಗುತ್ತೇನೆ. ಇಳಿದು ನೋಡಿದವಳಲ್ಲ. ಇಳಿದರೆ ಯಾರ ಮನೆಗೆ ಹೋಗಬೇಕು?

"ಹಣ್ಣು ಹುಳಿ ಅದಾವೇನ್ರಿ? ಕಣ್ಣಾಗ ನೀರು ಬಂತು ನಿಮಗ" ಅಂದಳು ಪಕ್ಕದವಳು.

"ಹುಳಿ ಅಲ್ಲವಾ, ಛಲೋ ಅದಾವ. ನೀ ಎಲ್ಲಿಗೆ ಹೊಂಟಿ?"

"ತವರಿಗ್ರಿ. ಸಕೀನಾಪುರಕ್ಕ." ನಾನು ತಿರುಗಿ ಕೂತೆ. ಕೇಳುವವರು ಸಿಕ್ಕರೆ ಸಾಕು ಅಂತ ಕಾಯುತ್ತಿದ್ದವಳ ಹಾಗೆ ಆಕೆ ಶುರು ಮಾಡಿದಳು. "ಅಲ್ಲಿ ಒಂದು ಜಗಳ ಎದ್ದೈತ್ರಿ. ಊರ ಮುಂದ ಕಮಾನು ಕಟ್ಟಾಕ ಹತ್ತ್ಯಾರ. ನಮ್ಮ ತಮ್ಮನ ಕಡೆ ಹುಡುಗರೆಲ್ಲ ಕೂಡಿ, ಊರಿನ ಹೆಸರು ಬದಲಿ ಮಾಡೂಣು, ಮೊದಲಿಂದು ಹಳೀ ಹೆಸರು ಏನೋ ಇತ್ತಂತ, ಕವಳಿಹಾಳೋ ಏನೋ, ಅದನ್ನs ಬರಸೂಣು ಅಂತಾರ. ಇವತ್ತs ಮೀಟಿಂಗ ಐತ್ರಿ."

ನಿಜ ಹೇಳುತ್ತೇನೆ, ನನಗೆ ಸಂತೋಷವೇ ಆಯಿತು. ಕವಳಿಹಾಳ! ಕಮಾನಿನ ಮೇಲೆ ದೊಡ್ಡ ಅಕ್ಷರದಲ್ಲಿ! ಅವ್ವ ಇದ್ದಿದ್ದರೆ, ನೀಲವ್ವ ಇದ್ದಿದ್ದರೆ! ಬಾಯಿಯ ತನಕ ಬಂದಿತ್ತು, ಛಲೋ ಆತು ಬಿಡವಾ, ಬರಸಲಿ ಅಂತ.

"ಬರಸಲಿ ಬಿಡ್ರಿ, ಅವರೂರು" ಅಂದಳು ಆಕೆಯೇ, ಬುಟ್ಟಿಯ ಬಟ್ಟೆ ಜಗ್ಗಿ ಜಗ್ಗಿ ಮುಚ್ಚುತ್ತ. "ಆದ್ರ ನಾ ಲಗ್ನ ಆಗಿ ಬಂದಾಗಿಂದ ಗಂಡನ ಮನ್ಯಾಗ ನನ್ನ ಸಕೀನಾಪುರದಾಕಿ ಅಂತಾರ್ರಿ. ನಮ್ಮವ್ವ ಅಪ್ಪ ಹೋದ್ರು, ಇನ್ನ ಈ ಹೆಸರೂ ಹೋದ್ರ ನಾ ಯಾವೂರಾಕಿ ಅನಬೇಕ್ರಿ?"

ನಾನು ಉಳಿದ ಹಣ್ಣನ್ನು ಸೆರಗಿನ ತುದಿಗೆ ಗಂಟು ಹಾಕಿದೆ. ಹೊರಗೆ ಎರೆಹೊಲಗಳು ಹಿಂದೆ ಹೋಗುತ್ತಿದ್ದವು.

"ಮೀಟಿಂಗಿಗೆ ಕೊಟ್ಟುಹೋದ ಹೆಣ್ಮಕ್ಕಳ್ನ ಕರದಾರೇನು?" ಕೇಳಿದೆ.

"ಎಲ್ಲೀದ್ರಿ! ಅದು ಗಂಡಸರ ಮೀಟಿಂಗ. ನಾ ಸುದ್ದಿ ಕೇಳಿ ಸುಮ್ಕ ಹೊಂಟೀನಿ. ನನ್ನ ಮಾತು ಅಲ್ಲಿ ಯಾರು ಕೇಳ್ತಾರ?"

ಬಸ್ಸು ನಿಂತಿತು. ಕಂಡಕ್ಟರ್, "ಸಕೀನಾಪುರ, ಇಳೀರಿ ಲಗೂನ" ಅಂತ ಕೂಗಿದ. ಆಕೆ ಎದ್ದಳು. ನಾನು ಮೊಣಕಾಲು ಹಿಡಿದುಕೊಂಡು ಆಕೆಯ ಹಿಂದೆ ಎದ್ದೆ. ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ.

"ಏ ಅಜ್ಜೀ, ನಿಂದು ಯಲಬುರ್ಗಾ ಐತಿ. ಇಲ್ಲೆಲ್ಲಿಗೆ ಹೊಂಟಿ? ಇಲ್ಲಿ ಯಾರದಾರ ನಿನಗ?"

"ಹಾದಿ ಬಿಡಪ್ಪಾ" ಅಂದೆ. "ಈ ಊರಿಗೆ ಹೆಸರಿಟ್ಟಾಕಿ ನಮ್ಮವ್ವ."